ತೊಳೆಸದ ರೀಲು

ಗುಂಡಿ ಮೊಣಕಾಲುದ್ದ ಇಳಿಯುವಷ್ಟರಲ್ಲೇ ಅಡಿಯಿಂದ ನೀರು ಜಿನುಗಿತು. ಹಾರೆ ಹಾಕುತ್ತಿದ್ದವನು ಹಿಂದಕ್ಕೆ ಸರಿದು ಮೂಗಿಗೆ ಟವಲ್ ಹಿಡಿದ. ಕಪ್ಪು ನೀರು. ಮೇಲೆ ಎಣ್ಣೆ ಚೆಲ್ಲಿದ ಹಾಗೆ ತೆಳ್ಳನೆಯ ಬಣ್ಣ ಬೇರೆ.

"ಚಲುವಣ್ಣ, ಇಲ್ಲಿ ಆಗಕ್ಕಿಲ್ಲ ಕಣಣ್ಣ. ಬಾವಿ ತೋಡ್ದಂಗೆ ಬತ್ತೈತೆ."

ಸತ್ತವನ ತಮ್ಮ ಚಲುವಯ್ಯ ಗುಂಡಿಯ ಅಂಚಿಗೆ ಬಂದು ಬಗ್ಗಿ ನೋಡಿದ. ಅಣ್ಣ ನಂಜುಂಡಯ್ಯನನ್ನು ಅಪ್ಪ ಅವ್ವನ ಪಕ್ಕದಲ್ಲೇ ಮಲಗಿಸಬೇಕೆಂದು ಬೆಳಿಗ್ಗೆ ತಾನೇ ನಿಂತು ಗುರುತು ಹಾಕಿಸಿದ್ದ. ಅಪ್ಪನನ್ನು ಹೂಳುವಾಗ ಇದೇ ಹೊಲದಲ್ಲಿ ಆಳುದ್ದ ತೋಡಿದರೂ ಒಣಮಣ್ಣೇ ಬಂದಿತ್ತು. ಈಗ ಬೈರಮಂಗಲದ ಕೆರೆ ಬೇಸಿಗೆಯಲ್ಲೂ ತುಂಬಿರುತ್ತದೆ. ಬೆಂಗಳೂರಿನವರು ಮಿಂದದ್ದು, ಒಗೆದದ್ದು, ದಾರಿಯುದ್ದಕ್ಕೂ ಯಾರ್ಯಾರೋ ಕತ್ತಲಲ್ಲಿ ಬಿಟ್ಟದ್ದು ಎಲ್ಲ ಹರಿದು ಬಂದು ಸೇರುವ ಕೆರೆಗೆ ಬರಗಾಲ ಎಲ್ಲಿಯದು?

"ಮ್ಯಾಲಕ್ಕೆ ನಡೀರ್ಲಾ. ಹುಣಸೆಮರದ ತಾವ ತೋಡಿ."

"ಅಲ್ಲಿ ಹನುಮಂತಯ್ಯನ ಬದ ಬತ್ತದೆ."

"ಬರ್ಲಿ ಬುಡ್ಲಾ. ಅವ್ನೇನು ಎದ್ದು ಬಂದು ಕೇಳಾನಾ?"

ಹನುಮಂತಯ್ಯನ ಹೆಸರು ಕಿವಿಗೆ ಬಿದ್ದದ್ದೇ ಎಲ್ಲರೂ ಒಮ್ಮೆ ನಂಜುಂಡಯ್ಯನ ಮನೆಯ ಕಡೆ ತಿರುಗಿದರು. ಹನುಮಂತಯ್ಯ ಹೇಗೆ ಸತ್ತನೆಂದು ಊರಿಗೇ ಗೊತ್ತಿತ್ತು. ಅವನು ಡೈರಿ ಸೆಕ್ರೆಟ್ರಿ ನಂಜುಂಡಯ್ಯನ ಕ್ಯಾಮೆರಾಕ್ಕೆ ಸಿಕ್ಕಿ ಸತ್ತಿದ್ದ. ಹಾರೆ ಗುದ್ದಲಿ ಹೆಗಲಿಗೇರಿಸಿಕೊಂಡು ಮೂವರೂ ಹುಣಸೆಮರದತ್ತ ನಡೆದರು.

*

ಮನೆಯ ಜಗಲಿಯ ಮೇಲೆ ನಂಜುಂಡಯ್ಯನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ಕಾಸು ಅಂಟಿಸಿ, ಗದ್ದಕ್ಕೆ ಬಿಳಿ ಬಟ್ಟೆ ಕಟ್ಟಿದ್ದರು. ಹಿಂದಿನ ಸಂಜೆ ಕೆರೆ ಏರಿಯ ಮೇಲೆ ಕಲ್ಲಿಗೆ ಬೆನ್ನು ಕೊಟ್ಟು ಕೂತವನು ಕೂತಲ್ಲೇ ಹೋಗಿಬಿಟ್ಟಿದ್ದ. ಹುಡುಕಿಕೊಂಡು ಹೋದ ಚಲುವಯ್ಯ ಅವನ ಕೊರಳಿನಿಂದ ಕ್ಯಾಮೆರಾ ಬಿಡಿಸಿ ತಂದು, ಎಲ್ಲಿಡಬೇಕೆಂದು ತೋಚದೆ ಜಗಲಿಯ ಗೂಟಕ್ಕೆ ನೇತುಹಾಕಿದ್ದ. ಅದು ಈಗ ಹೆಣದ ತಲೆಯ ಪಕ್ಕದಲ್ಲೇ, ಉದ್ದನೆಯ ಲೆನ್ಸನ್ನು ಅಂಗಳದ ಕಡೆ ಬಗ್ಗಿಸಿಕೊಂಡು ತೂಗುತ್ತಿತ್ತು.

ಜನ ಬಂದಿದ್ದರು. ಬರದೆ ಏನು? ಹಾಲಿನ ಡೈರಿಯ ಸೆಕ್ರೆಟ್ರಿಯಾಗಿ ಊರಿನ ಹಾಲಿಗೆಲ್ಲ ಲ್ಯಾಕ್ಟೋಮೀಟರ್ ಹಾಕಿದ ಮನುಷ್ಯ. ಯಾರಾದರೂ ನೀರು ಬೆರೆಸಿ ತಂದರೆ, "ಇವತ್ತು ಹಸು ಒಸಿ ಜಾಸ್ತಿ ನೀರು ಕುಡ್ದೈತೆ" ಎಂದಷ್ಟೇ ಹೇಳಿ ಮುಖ ಆಚೆ ತಿರುಗಿಸುತ್ತಿದ್ದ. ಒಬ್ಬರ ಮಾನ ಕಳೆದವನಲ್ಲ. ಆದರೂ ಈ ಹೊತ್ತು ಅಂಗಳದ ಎಡಕ್ಕೊಂದು ಗುಂಪು, ಬಲಕ್ಕೊಂದು ಗುಂಪು. ನಡುವೆ ಎತ್ತಿನಗಾಡಿ ಹೋಗುವಷ್ಟು ಜಾಗ ಖಾಲಿ. ಹಾರ ತಂದವರು ಕೂಡ ಗೋಡೆಗೆ ಒತ್ತಿಕೊಂಡು ಬಂದು, ಹಾಕಿ, ಅದೇ ಗೋಡೆ ಹಿಡಿದು ವಾಪಸ್ಸಾಗುತ್ತಿದ್ದರು.

ಮಗಳು ಸುಚಿತ್ರಾಗೆ ಇದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವರು ಲೆನ್ಸಿನ ಎದುರಿಗೆ ಬರದ ಹಾಗೆ ನಿಂತಿದ್ದರು. ಅವಳಿಗೆ ದುಃಖವನ್ನು ಮೀರಿ ಸಿಟ್ಟು ಬಂತು. ಚನ್ನಪಟ್ಟಣದ ಹೈಸ್ಕೂಲಿನಲ್ಲಿ ಮಕ್ಕಳಿಗೆ ಮಸೂರ, ಬಿಂಬ ಅಂತ ಪಾಠ ಹೇಳುವವಳು ಅವಳು. ಇಲ್ಲಿ ಅವಳಪ್ಪನ ಹೆಣದ ಮುಂದೆ ಊರಿಗೆ ಊರೇ ಒಂದು ಗಾಜಿಗೆ ಹೆದರಿ ಸಾಲುಗಟ್ಟಿ ನಿಂತಿತ್ತು.

ಅಷ್ಟರಲ್ಲಿ ಗೂಟದ ಕಡೆಯಿಂದ ಸರ್ರನೆ ಒಂದು ಸದ್ದು ಬಂತು. ಯಾರೂ ಮುಟ್ಟದೆ, ತಾನೇ ತಾನಾಗಿ, ಲೆನ್ಸು ನಿಧಾನಕ್ಕೆ ಉದ್ದವಾಯಿತು.

ಹೆಂಗಸರು ಕಿಟಾರನೆ ಕಿರುಚಿ ಹಿಂದಕ್ಕೆ ಒತ್ತಿದರು. ಒಬ್ಬಳು ಕಂಕುಳ ಕೂಸಿನ ಮುಖದ ಮೇಲೆ ಸೆರಗೆಳೆದಳು.

"ಏನೂ ಇಲ್ಲ, ಹಳೇ ಜೂಮು ಅದು," ಎಂದು ಸುಚಿತ್ರಾ ಎದ್ದು ಹೋಗಿ ಕ್ಯಾಮೆರಾ ಇಳಿಸಿಕೊಂಡಳು. "ಕೆಳಗೆ ಮುಖ ಮಾಡಿದ್ರೆ ಭಾರಕ್ಕೆ ಜಾರ್ತದೆ. ಅದಕ್ಕೇ ಅಪ್ಪ ಸೈಕಲ್ ಟ್ಯೂಬಿನ ಪಟ್ಟಿ ಹಾಕ್ತಿದ್ರು. ಕಿತ್ತೋಗೈತೆ, ನೋಡಿ ಬೇಕಾದ್ರೆ."

ಯಾರೂ ನೋಡಲಿಲ್ಲ. ಅವಳು ಕ್ಯಾಮೆರಾವನ್ನು ತನ್ನ ವ್ಯಾನಿಟಿ ಬ್ಯಾಗಿಗೆ ತುರುಕಿ ತೊಡೆಯ ಮೇಲಿಟ್ಟುಕೊಂಡು ಮತ್ತೆ ಅಪ್ಪನ ಕಾಲ ಬಳಿ ಕೂತಳು.

ಪಕ್ಕದ ಮನೆಯ ಮುನಿಯಮ್ಮ ಬೆಳಗಿನಿಂದ ಏನನ್ನೋ ನುಂಗುತ್ತಾ ಓಡಾಡುತ್ತಿದ್ದಳು. ಈಗ ಅವಳಿಗೆ ತಡೆಯಲಾಗಲಿಲ್ಲ. ಸತ್ತವನ ಹೆಂಡತಿ ದೊಡ್ಡಲಕ್ಷ್ಮಮ್ಮನ ಪಕ್ಕ ಕುಕ್ಕರಿಸಿದಳು.

"ಲಕ್ಷ್ಮಕ್ಕ, ಈ ಹೊತ್ನಲ್ಲಿ ಹೇಳ್ಬಾರ್ದು. ಹೇಳ್ದೆ ಇದ್ರೆ ನಂಗೆ ಅನ್ನ ಇಳ್ಯಕ್ಕಿಲ್ಲ. ಸೆಕ್ರೆಟ್ರಿ ಆ ಕೂಸ್ನೂ ತೆಗ್ದವ್ರೆ."

"ಯಾವ ಕೂಸ್ನೇ?"

"ನಿನ್ ಮೊಮ್ಮಗೀನ. ಸಿರೀನ. ಹೋದ್ವಾರ ಕೋಡಿ ತಾವ ಆಡ್ತಿತ್ತು. ನಾನು ಹುಲ್ಲು ಕುಯ್ತಿದ್ದೆ. ಇವ್ರು ಏರಿ ಮ್ಯಾಲೆ ಕುಂತು ಆ ಉದ್ದುಂದ್ನ ಕೂಸಿನ್ ಕಡೀಕೆ ತಿರುಗ್ಸಿದ್ರು. ಈ ಕಣ್ಣಾಗೇ ಕಂಡೆ ಕಣಕ್ಕ."

ರಾತ್ರಿಯಿಂದ ಗಂಡನಿಗಾಗಿ ಅಳುತ್ತಿದ್ದ ದೊಡ್ಡಲಕ್ಷ್ಮಮ್ಮನ ಅಳು ಥಟ್ಟನೆ ನಿಂತಿತು. ಒಳಮನೆಯಲ್ಲಿ, ದಸರಾ ರಜಕ್ಕೆಂದು ಅಜ್ಜಿಯ ಮನೆಗೆ ಬಂದಿದ್ದ ಆರು ವರ್ಷದ ಸಿರಿ, ಮೊನ್ನೆಯಿಂದ ಬಿಡದ ಜ್ವರದಲ್ಲಿ ಚಾಪೆ ಹಿಡಿದು ಮಲಗಿದ್ದಳು.

"ರೀಲು ತೊಳ್ಸವ್ರಾ?" ಎಂದಳು ದೊಡ್ಡಲಕ್ಷ್ಮಮ್ಮ.

"ಇಲ್ಲ ಅಂತ ಕಾಣ್ತದೆ. ರೀಲು ಅದ್ರೊಳ್ಗೇ ಐತೆ."

ಇಬ್ಬರೂ ಸುಚಿತ್ರಾಳ ತೊಡೆಯ ಮೇಲಿನ ಬ್ಯಾಗನ್ನು ನೋಡಿದರು.

*

ಕ್ಯಾಮೆರಾದ ಹುಚ್ಚು ನಂಜುಂಡಯ್ಯನಿಗೆ ಹತ್ತಿದ್ದು ಮದುವೆಯಾದ ವರ್ಷ. ಹೆಂಡತಿಯ ಜೊತೆ ಒಂದು ಫೋಟೋ ತೆಗೆಸಲು ರಾಮನಗರದ ಫಕ್ರುದ್ದೀನನ ಸ್ಟುಡಿಯೋಗೆ ಹೋದವನು, ಬರುವಾಗ ಕ್ಯಾಮೆರಾವನ್ನೇ ಕೊಂಡು ಬಂದ. ರಷ್ಯಾದ ಹಳೆಯ ಬಾಡಿ, ಗುಂಡುಕಲ್ಲಿನಷ್ಟು ಭಾರ. ಬಟನ್ ಒತ್ತಿದರೆ ಪಕ್ಕದ ಮನೆಗೆ ಕೇಳುವ ಸದ್ದು. ಆಗಿನ್ನೂ ಕೆರೆಗೆ ಹೆಜ್ಜಾರ್ಲೆ ಹಕ್ಕಿಗಳು ಬರುತ್ತಿದ್ದ ಕಾಲ. ಇವನು ಜೊಂಡಿನ ಮರೆಯಲ್ಲಿ ಉಸಿರು ಬಿಗಿಹಿಡಿದು ಕೂತು, ಹತ್ತಿರ ಬಂದಾಗ ಒತ್ತಿದರೆ, ಆ ಸದ್ದಿಗೇ ಅವು ಎದ್ದು ಹಾರುತ್ತಿದ್ದವು. ಲ್ಯಾಬಿನಲ್ಲಿ ರೀಲು ಡೆವಲಪ್ ಮಾಡಿಸುವುದನ್ನು ನಮ್ಮ ಕಡೆ ತೊಳೆಸುವುದು ಎನ್ನುತ್ತಾರೆ. ಇವನು ತೊಳೆಸಿದ ರೀಲುಗಳಲ್ಲೆಲ್ಲ ಬರೀ ನೀರಿರುತ್ತಿತ್ತು.

ಹಾಗಾಗಿ ದೂರದಿಂದ ತೆಗೆಯುವ ಜೂಮ್ ಲೆನ್ಸು ಬೇಕಾಯಿತು. ಕೊಂಡದ್ದಕ್ಕೆ ಎರಡನೇ ಮಳೆಗಾಲದಲ್ಲೇ ಒಳಗೆ ಬೂಷ್ಟು ಹಿಡಿಯಿತು. ದೊಡ್ಡಲಕ್ಷ್ಮಮ್ಮ ಅದನ್ನು ಮೆಣಸಿನಕಾಯಿಯ ಜೊತೆ ಚಾಪೆಯ ಮೇಲೆ ಬಿಸಿಲಿಗಿಟ್ಟಳು. ಬೂಷ್ಟು ಅಲ್ಲಿಗೆ ನಿಂತಿತು, ಘಾಟು ಮಾತ್ರ ವರ್ಷಗಟ್ಟಲೆ ಹೋಗಲಿಲ್ಲ. ಮುಂದೆ ರಷ್ಯಾದ ಬಾಡಿ ಕೆಟ್ಟು ಜಪಾನಿನದ್ದು ತಂದರೆ ಹಳೆಯ ಲೆನ್ಸು ಅದಕ್ಕೆ ಕೂರಲೇ ಇಲ್ಲ. ಅದರದ್ದು ತಿರುಪು, ಇದರದ್ದು ಬೇರೆಯೇ ಕೊಂಡಿ. ನಂಜುಂಡಯ್ಯ ರಾಮನಗರದ ಲೇತ್ ಅಂಗಡಿಯಲ್ಲಿ ಒಂದು ಉಂಗುರ ಮಾಡಿಸಿ ನಡುವೆ ಹಾಕಿದ. ಲೆನ್ಸು ಕೂತಿತು. ಆದರೆ ಉಂಗುರದ ದಪ್ಪದಿಂದಾಗಿ ಹತ್ತಿರದ ಎಮ್ಮೆ ಮಾತ್ರ ಸ್ಪಷ್ಟ, ಅದರಾಚೆಗಿನ ಜಗತ್ತೆಲ್ಲ ಮಂಜು. "ದೂರದ್ ತೋರ್ಸಕ್ಕೆ ಅಂತ ತಂದು ಎಮ್ಮೆ ನೋಡ್ತಾ ಕುಂತವ್ನೆ" ಎಂದು ಡೈರಿಯಲ್ಲಿ ನಗದವರಿಲ್ಲ. ಅವನೂ ಅವರ ಜೊತೆ ನಗುತ್ತಿದ್ದ. ಕೊನೆಗೆ ಆ ಬಾಡಿಗೆ ಕೂರುವ ಹಳೆಯ ಜೂಮೊಂದನ್ನು ಫಕ್ರುದ್ದೀನನೇ ಹುಡುಕಿಕೊಟ್ಟ. ಅದೇ ಈ ಜಾರುವ ಜೂಮು.

ನಗು ನಿಂತದ್ದು ಈ ಲೆನ್ಸು ಬಂದ ಮೇಲೆ. ಊರಿನ ಮುದುಕರು ಫೋಟೋ ಎಂದರೆ ಉರಿದು ಬೀಳುತ್ತಿದ್ದರು. ಫೋಟೋ ತೆಗೆಯುವುದೇ ಹಾರ ಹಾಕಿ ಗೋಡೆಗೆ ತೂಗುಹಾಕಲಿಕ್ಕೆ ಎಂದು ಅವರ ಲೆಕ್ಕ. ಆದರೆ ತಿಥಿಯ ದಿನ ಎಡೆ ಇಡಲು ಮನೆಯವರಿಗೆ ಫೋಟೋ ಬೇಕು. ಮುನಿಯಮ್ಮನ ಅತ್ತೆ ಇವತ್ತೋ ನಾಳೆಯೋ ಎಂದಿದ್ದಾಗ ಮುನಿಯಮ್ಮನೇ ಬಂದು, "ಸೆಕ್ರೆಟ್ರೀ, ದೂರದಿಂದ, ಮುದುಕಿಗೆ ಗೊತ್ತಾಗ್ದಂಗೆ ಒಂದು ತೆಗ್ದುಬುಡಿ" ಎಂದು ಕೇಳಿಕೊಂಡಳು. ನಂಜುಂಡಯ್ಯ ಹುಲ್ಲಿನ ಮೆದೆಯ ಹಿಂದೆ ಅಡಗಿ ತೆಗೆದ. ಮುದುಕಿ ಎಲೆಗೆ ಸುಣ್ಣ ಸವರುತ್ತಾ ಕೂತಿದ್ದ ಫೋಟೋ. ಅದು ಕೈಗೆ ಬಂದ ವಾರದಲ್ಲೇ ಅವಳು ತೀರಿಕೊಂಡಳು. ಎಡೆಗೆ ಬಂದವರೆಲ್ಲ ಫೋಟೋ ನೋಡಿ ಹೊಗಳಿದರು. ಆಮೇಲೆ ಸುತ್ತಿನ ಯಾವ ಊರಿನಲ್ಲಿ ಯಾರು ಹಾಸಿಗೆ ಹಿಡಿದರೂ ಸೆಕ್ರೆಟ್ರಿಗೆ ಗುಟ್ಟಾಗಿ ಕರೆ ಬರುತ್ತಿತ್ತು. ಇವನು ಬಿಡಿಗಾಸು ಮುಟ್ಟದೆ ಮರದ ಮರೆ, ಗೋಡೆಯ ಮರೆ ಹಿಡಿದು ತೆಗೆದುಕೊಡುತ್ತಿದ್ದ.

ಸಾಯುವವರನ್ನೇ ತೆಗೆಯಲು ಕರೆದರು. ತೆಗೆದವರೆಲ್ಲ ಸತ್ತರು. ಇದರಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಊರು ಬಹಳ ಬೇಗ ಮರೆಯಿತು. ಬರಬರುತ್ತಾ ಕರೆಗಳು ಹೆಚ್ಚಿದವು. ಮುದುಕರಷ್ಟೇ ಅಲ್ಲ, ನಲವತ್ತರವರು, ಕಾಲು ಊದಿಕೊಂಡವರು, ಮೈತುಂಬ ಕಜ್ಜಿಯವರು. ಹೆಜ್ಜಾರ್ಲೆಗಳು ಬರುವುದು ನಿಂತಿತ್ತು. ಕೋಡಿಯಲ್ಲಿ ಬಿಳಿ ನೊರೆ ಆಳೆತ್ತರ ಏಳುತ್ತಿತ್ತು. ಕೊನೆಗೆ ಹನುಮಂತಯ್ಯ. ಕೆರೆಯ ನೀರಿಗೆ ಮೋಟರಿಟ್ಟು ಸೀಮೆಹುಲ್ಲು ಬೆಳೆಯುತ್ತಿದ್ದ ಗಟ್ಟಿ ಆಳು. ನಂಜುಂಡಯ್ಯ ಬೆಳ್ಳಕ್ಕಿಗೆ ಗುರಿ ಹಿಡಿದಿದ್ದಾಗ ಹುಲ್ಲಿನ ನಡುವಿನಿಂದ ಅವನು ಎದ್ದು ನಿಂತದ್ದು ಫೋಟೋದಲ್ಲಿ ಬಿತ್ತು. ರೀಲು ತೊಳೆಸಿ ತಂದ ದಿನವೇ ಅವನು ವಾಂತಿ ಮಾಡಿಕೊಂಡು, ಆಸ್ಪತ್ರೆಯ ದಾರಿಯಲ್ಲೇ ಹೋದ. ಕಿಡ್ನಿ ಅಂತ ಡಾಕ್ಟರು ಏನೋ ಹೇಳಿದರು, ಯಾರೂ ಕೇಳಿಸಿಕೊಳ್ಳಲಿಲ್ಲ. ರೀಲು ಒಳಗಿರುವವರೆಗೂ ಜೀವ ಇರುತ್ತದೆ, ತೊಳೆಸಿದರೆ ಹೋಗುತ್ತದೆ ಎಂದು ಊರು ತೀರ್ಮಾನಿಸಿತು.

ಅವತ್ತು ರಾತ್ರಿ ನಂಜುಂಡಯ್ಯ ಊಟ ಬಿಟ್ಟು ಎದ್ದು, ಇನ್ನು ಮನುಷ್ಯರ ಕಡೆ ಲೆನ್ಸು ತಿರುಗಿಸುವುದಿಲ್ಲವೆಂದು ಹೆಂಡತಿಗೆ ದೀಪದ ಮೇಲೆ ಆಣೆ ಇಟ್ಟ.

*

ಫಕ್ರುದ್ದೀನ್ ಬಂದಾಗ ಬಿಸಿಲೇರಿತ್ತು. ಬಿಡದಿಯವರೆಗೆ ಬಸ್ಸು, ಅಲ್ಲಿಂದ ಆಟೋ. ಕೈಯಲ್ಲೊಂದು ಸೇವಂತಿಗೆ ಹಾರ. ಅಂಗಳದ ನಡುವಿನ ಖಾಲಿ ಜಾಗದಲ್ಲೇ ನೆಟ್ಟಗೆ ನಡೆದು ಬಂದವನು ಅವನೊಬ್ಬನೇ. ಹಾರ ಹಾಕಿ, ಗೆಳೆಯನ ಬಲಗೈ ಬೆರಳುಗಳನ್ನು ಹಿಡಿದು ಮೆಲ್ಲಗೆ ಒತ್ತಿದ. ಆಮೇಲೆ ಸುಚಿತ್ರಾಳ ಪಕ್ಕ ಕೂತ.

"ಕೂಸೇ, ನಿಮ್ಮಪ್ಪ ಹೋದ್ವಾರ ಫೋನ್ ಮಾಡಿದ್ರು. 'ಸಾಬ್ರೇ, ಒಂದು ಬಿದ್ದೈತೆ ಕಣ್ರೀ' ಅಂದ್ರು. 'ಮೂವತ್ತು ವರ್ಷ ಕಾದಿದ್ದಕ್ಕೆ ಒಂದೇ ಒಂದು ಬಿದ್ದೈತೆ. ತೊಳೀದೇನೇ ಗೊತ್ತು ನಂಗೆ' ಅಂತ. ಮಕ್ಕಳಂಗೆ ನಗ್ತಿದ್ರು."

"ನಂಗೂ ಹೇಳಿದ್ರು ಮಾಮ. ಒಂದು ಒಳ್ಳೇದು ಬಂದೈತೆ, ರೀಲು ಮುಗೀಲಿ, ತೋರಿಸ್ತೀನಿ ಅಂತ. ಯಾವ ಹಕ್ಕಿ ಅಂತ ಕೇಳಿದ್ರೆ ಹೇಳ್ಲಿಲ್ಲ."

"ರೀಲು ಕೊಡು. ನಾನೇ ನಿಂತು ತೊಳೆಸ್ತೀನಿ. ಈಗ ಎಲ್ರೂ ಡಿಜಿಟಲ್ ಅಂತ ಹೋದ್ರು. ನಮ್ಮ ಲ್ಯಾಬೂ ಮುಂದಿನ ತಿಂಗಳು ಮುಚ್ತಾರೆ. ಇದೊಂದು ಆಗ್ಬುಡ್ಲಿ."

ಸುಚಿತ್ರಾ ಬ್ಯಾಗಿನ ಜಿಪ್ಪಿಗೆ ಕೈ ಹಾಕಿದಳು. ದೊಡ್ಡಲಕ್ಷ್ಮಮ್ಮ ಅವಳ ಮಣಿಕಟ್ಟು ಹಿಡಿದಳು.

"ತೊಳ್ಸಬ್ಯಾಡ ಕಣವ್ವ. ಅದ್ರಾಗೆ ನಿನ್ ಮಗ್ಳು ಅವ್ಳೆ."

ಮುನಿಯಮ್ಮ ಕಂಡದ್ದನ್ನೆಲ್ಲ ಮತ್ತೊಮ್ಮೆ ಹೇಳಿದಳು. ಈ ಸಲ ಅಂಗಳವೆಲ್ಲ ಕೇಳಿಸಿಕೊಂಡಿತು. ಹೊಲದಿಂದ ಬಂದ ಚಲುವಯ್ಯನೂ ಕೇಳಿಸಿಕೊಂಡ.

"ಸತ್ತೋರ ಇಷ್ಟದ್ದು ಸತ್ತೋರ್ ಜತೆಗೇ ಹೋಗ್ಲಿ," ಎಂದ ಅವನು. "ತಾತನ್ ಜತೆ ಎಲೆಅಡ್ಕೆ ಚೀಲ ಹಾಕಿದ್ವು. ಅವ್ವನ್ ಜತೆ ನಶ್ಯದ ಡಬ್ಬಿ ಹಾಕಿದ್ವು. ಇದ್ನೂ ಅಣ್ಣನ್ ಜತೆ ಗುಂಡಿಗಿಕ್ಕುವ. ಬಾಡಿ, ಲೆನ್ಸು, ರೀಲು ಸಮೇತ."

"ಯಾಕೆ ಚಿಕ್ಕಪ್ಪ? ಸಾಯೋರನ್ನ ತೆಗೀರಿ ಅಂತ ನೀವೇ ಕರೀತಿದ್ರಿ. ನಿಮ್ಮತ್ತೆಗೆ ತೆಗೆಸಿದ್ದು ನೀವಲ್ವಾ ಮುನಿಯಕ್ಕ? ಈಗ ನಮ್ಮಪ್ಪನೇ ಎಲ್ಲಾರ್ನೂ ಸಾಯಿಸಿದ್ರು ಅಂತೀರಾ?"

ಮುನಿಯಮ್ಮ ತಲೆ ತಗ್ಗಿಸಿದಳು. ಓದುವಾಗ ಊರಿನ ಹುಡುಗಿಯರು ಬಸ್ಸಿನಲ್ಲಿ ಸುಚಿತ್ರಾಳ ಪಕ್ಕ ಕೂರುತ್ತಿರಲಿಲ್ಲ. ಯಮನ ಮಗಳು ಎಂದು ಹಿಂದಿನಿಂದ ಕರೆದು ನಗುತ್ತಿದ್ದರು. ಹಟ ಹಿಡಿದು ವಿಜ್ಞಾನ ಓದಿದ್ದೇ ಆ ನಗುವಿಗೆ ಉತ್ತರ ಕೊಡಲಿಕ್ಕೆ. ಇವತ್ತು ಈ ರೀಲನ್ನು ಗುಂಡಿಗೆ ಹಾಕಿದರೆ, ಹೌದು, ನೀವೆಲ್ಲ ಅಂದದ್ದು ನಿಜ, ನಮ್ಮಪ್ಪ ಸಾವು ಹಂಚುತ್ತಿದ್ದ ಎಂದು ಅವನ ಹೆಣದ ಮುಂದೆ ಒಪ್ಪಿಕೊಂಡ ಹಾಗೆ.

"ಇದನ್ನ ತೊಳೆಸೇ ತೊಳೆಸ್ತೀನಿ," ಎಂದಳು. "ದೊಡ್ಡದು ಮಾಡ್ಸಿ ಹಾಲಿನ ಡೈರೀಲೇ ಹಾಕಿಸ್ತೀನಿ. ನೋಡೋರು ನೋಡಿ."

ಹಾಗೆಂದು ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಒಳಗೆ ಹೋದಳು.

*

ಸಿರಿಯ ಮೈ ಕೆಂಡವಾಗಿತ್ತು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಮೊಣಕೈ ಮಡಿಕೆಯಲ್ಲಿ ಕೆಂಪು ಗುಳ್ಳೆಗಳು. ಬೆಳ್ಳಂಬೆಳಿಗ್ಗೆ ಕೊಟ್ಟ ಸಿರಪ್ಪಿಗೆ ಇಳಿದಿದ್ದ ಜ್ವರ ಇಮ್ಮಡಿಯಾಗಿ ಏರಿತ್ತು. ಸುಚಿತ್ರಾ ಒದ್ದೆ ಬಟ್ಟೆ ಹಿಂಡಿ ಹಣೆಗೆ ಹಾಕಿದಳು.

ಗಂಡ ನರೇಂದ್ರ ಪುಣೆಯಲ್ಲಿದ್ದ, ಫ್ಯಾಕ್ಟರಿಯ ಟ್ರೈನಿಂಗಿನಲ್ಲಿ. ರಾತ್ರಿಯ ಬಸ್ಸಿಗೆ ಹೊರಡುವವನಿದ್ದ. ಫೋನಿನಲ್ಲಿ ಅವನ ದನಿ ಗಾಬರಿಯಾಗಿತ್ತು.

"ಮಣ್ಣಾಗೋವರ್ಗೂ ಕಾಯ್ಬೇಡ ಸುಚಿ. ಮಾವನೇ ಇದ್ದಿದ್ರೆ ಮೊದ್ಲು ಮಗೂನ ತೋರ್ಸು ಅಂತಿದ್ರು. ಫ್ರೆಂಡ್‌ಗೆ ಹೇಳಿ ಕಾರು ಕಳಿಸ್ತಿದೀನಿ. ನೆಟ್ಟಗೆ ರಾಮನಗರದ ಆಸ್ಪತ್ರೆಗೆ ಹೋಗು."

"ಕಾರು ಬಂದ ತಕ್ಷಣ ಹೊರಡ್ತೀನಿ," ಎಂದಳು. ಹೊರಡುವುದೆಂದು ನಿಜವಾಗಿಯೂ ನಿರ್ಧರಿಸಿದ್ದಳು.

ಸಿರಿ ಕಣ್ಣು ಬಿಟ್ಟು ಅವಳ ಹೆಗಲಿನ ಬ್ಯಾಗು ನೋಡಿದಳು. ಕ್ಯಾಮೆರಾದ ಪಟ್ಟಿ ಹೊರಗೆ ಇಣುಕುತ್ತಿತ್ತು.

"ಅಮ್ಮಾ, ತಾತ ನನ್ ಫೋಟೋ ತೆಗ್ದ್ರು."

"ಹೂಂ ಪುಟ್ಟ. ಏನ್ ಮಾಡ್ತಿದ್ದೆ ನೀನು?"

"ನೊರೆ ಹಿಡೀತಿದ್ದೆ. ಗಾಳಿಗೆ ಹಾರ್ಕೊಂಡ್ ಬರ್ತಿತ್ತು, ಇಷ್ಟಿಷ್ಟ್ ದಪ್ಪ. ಹತ್ತಿ ಥರ. ಸೂರ್ಯ ಅದ್ರೊಳ್ಗೆ ಕಾಣ್ತಿತ್ತು. ನಾನು ಹಾರಿ ಹಾರಿ ಹಿಡ್ದು ತಲೆ ಮೇಲೆ ಹಾಕ್ಕೊಂಡೆ. ಬಾಯಿಗೂ ಬಂತು, ಕಹಿ." ಅವಳು ಉಸಿರು ತೆಗೆದುಕೊಳ್ಳಲು ನಿಂತಳು. "ತಾತ ದೂರದಲ್ಲಿದ್ರು. ಟಕ್ ಅಂತು. ಆಮೇಲೆ ಓಡ್ಬಂದು ನನ್ನ ಎತ್ಕೊಂಡು ಕುಣಿದ್ರು. ತಾತ ಅಳ್ತಿದ್ರು, ಅಮ್ಮಾ. ಯಾಕೆ?"

ಮೂವತ್ತು ವರ್ಷಕ್ಕೆ ಬಿದ್ದ ಒಂದೇ ಒಂದು ಯಾವುದೆಂದು ಸುಚಿತ್ರಾಗೆ ಗೊತ್ತಾಯಿತು. ಅದು ಹಕ್ಕಿಯಲ್ಲ. ದೀಪದ ಮೇಲಿಟ್ಟ ಆಣೆ ಮರೆತು ಅಪ್ಪ ಲೆನ್ಸು ತಿರುಗಿಸಿದ್ದು ಇವಳ ಕಡೆಗೆ. ಸಂಜೆಬಿಸಿಲು, ಹಾರುವ ನೊರೆ, ಕೈ ಚಾಚಿ ನೆಗೆದ ಹುಡುಗಿ. ನೋಡದೆಯೇ ಅವಳ ಕಣ್ಣಿಗೆ ಕಟ್ಟಿತು.

ಕಹಿ ಎಂಬ ಮಾತು ಒಂದು ಗಳಿಗೆ ಅವಳೊಳಗೆ ಚುಚ್ಚಿತು. ನೊರೆಯಲ್ಲಿ ಏನೇನಿರುತ್ತದೆ ಎಂದು ಯೋಚಿಸತೊಡಗಿದಳು ಕೂಡ. ಅಷ್ಟರಲ್ಲಿ ಹೊರಗೆ ತಮಟೆ ಶುರುವಾಯಿತು, ಸಿರಿ ಬೆಚ್ಚಿಬಿದ್ದು ಹಳದಿ ನೀರು ವಾಂತಿ ಮಾಡಿದಳು. ಬಾಗಿಲಲ್ಲಿ ನಿಂತಿದ್ದ ಯಾರೋ ಹೆಂಗಸು, "ಹನುಮಂತಯ್ಯಂಗೂ ಹಿಂಗೇ ಸುರುವಾಯ್ತು" ಎಂದಳು.

ಆ ಮಾತಿಗೆ ಸುಚಿತ್ರಾ ಮಗಳನ್ನು ಎದೆಗೆ ಒತ್ತಿಕೊಂಡಳು. ತನಗೆ ಹೆದರಿಕೆಯಾಗುತ್ತಿದೆ ಎಂಬುದೇ ಅವಳಿಗೆ ನಾಚಿಕೆ ತಂದಿತು. ನಾಚಿಕೆಯಾಯಿತೆಂದು ಹೆದರಿಕೆಯೇನೂ ಕಡಿಮೆಯಾಗಲಿಲ್ಲ.

*

ಹೊಲ ಮನೆಯ ಹಿಂದೆಯೇ. ಹೆಂಗಸರೂ ನಡೆದರು. ಏರಿಯ ಮೇಲೆ ಬರುವ ಕಾರಿಗೆ ಹೊಲದ ಮೂಲೆಯೇ ಹತ್ತಿರವೆಂದು ಸುಚಿತ್ರಾ ಸಿರಿಯನ್ನು ಹೆಗಲಿಗೆ ಹಾಕಿಕೊಂಡು ಹೊರಟಳು. ಹುಣಸೆಮರದ ಕೆಳಗೆ ಗುಂಡಿ ಸಿದ್ಧವಾಗಿತ್ತು. ಇಲ್ಲೂ ತಳ ಹಸಿಯಾಗಿತ್ತು. ಯಾರೋ ಎರಡು ಮಂಕರಿ ಒಣಮಣ್ಣು ಸುರಿದು ಮುಚ್ಚಿದ್ದರು.

ನಂಜುಂಡಯ್ಯನನ್ನು ಇಳಿಸಿದರು. ಚಲುವಯ್ಯ ತಲೆಯ ಬಳಿ ನಿಂತು ಮೊದಲ ಹಿಡಿ ಮಣ್ಣು ಹಾಕಿದ. ಒಬ್ಬೊಬ್ಬರಾಗಿ ಹಾಕುತ್ತಾ ಬಂದರು. ಸುಚಿತ್ರಾಳ ಸರದಿ ಬಂದಾಗ ಏರಿಯ ಮೇಲೆ ಬಿಳಿ ಕಾರೊಂದು ಬಂದು ನಿಂತು ಹಾರ್ನ್ ಹೊಡೆಯಿತು. ಡ್ರೈವರ್ ಇಳಿದು ಇವರ ಕಡೆ ನೋಡಿದ.

"ನಾನು ಹೊರಟೆ ಅವ್ವ," ಎಂದಳು. "ಸಿರೀನ ತೋರಿಸ್ಕೊಂಡು ಬತ್ತೀನಿ."

"ಮಣ್ಣಿಗೆ ಬಂದೋರು ಸ್ನಾನ ಮಾಡಿ ದೀಪ ನೋಡ್ದೆ ಬ್ಯಾರೆ ಕಡೀಕೆ ಹೋಗ್ಬಾರ್ದು ಕಣವ್ವ," ಎಂದ ಚಲುವಯ್ಯ.

"ಹೋಗ್ತೀನಿ ಚಿಕ್ಕಪ್ಪ. ಬೈಕೋಬೇಡಿ."

ಅವಳು ಎರಡು ಹೆಜ್ಜೆ ಇಟ್ಟಿದ್ದಳು. ದೊಡ್ಡಲಕ್ಷ್ಮಮ್ಮ ಓಡಿ ಬಂದು ಅಡ್ಡ ಬಿದ್ದು ಎರಡೂ ಕೈಯಲ್ಲಿ ಮಗಳ ಪಾದ ಹಿಡಿದಳು. ಹೆತ್ತ ತಾಯಿ ಮಗಳ ಕಾಲು ಹಿಡಿಯುವುದನ್ನು ಆ ಊರು ಕಂಡಿರಲಿಲ್ಲ. ತಮಟೆಯವನು ಕೂಡ ನಿಲ್ಲಿಸಿದ.

"ಆಸ್ಪತ್ರೆಗೆ ಹೋದ್ರೆ ಬದುಕ್ತದಾ? ಹನುಮಂತಯ್ಯ ಹೋಗ್ಲಿಲ್ವಾ? ರೀಲು ನಿನ್ ಹೆಗ್ಲಾಗೈತೆ, ಕೂಸೂ ನಿನ್ ಹೆಗ್ಲಾಗೈತೆ. ಯಾವುದಾದ್ರೂ ಒಂದ್ನ ಬುಡವ್ವ. ನನ್ ಗಂಡನ್ ಹೆಸ್ರು ಹಾಳಾಗೋಗ್ಲಿ. ನಂಗೆ ಬ್ಯಾಡ. ಕೂಸು ಇರ್ಲಿ."

"ಏಳವ್ವ... ಏಳು, ಎಲ್ರೂ ನೋಡ್ತವ್ರೆ."

"ನೋಡ್ಲಿ."

ಸಿರಿ ಭುಜದ ಮೇಲೆ ನರಳಿದಳು. ಸುಚಿತ್ರಾ ಫಕ್ರುದ್ದೀನನ ಕಡೆ ನೋಡಿದಳು. ಅವನು ಬೇಡವೆನ್ನುವಂತೆ ಮೆಲ್ಲಗೆ ತಲೆ ಆಡಿಸಿದ. ಅವಳು ಗುಂಡಿಯೊಳಗೆ ನೋಡಿದಳು. ಅಪ್ಪನ ಮುಖ ಆಗಲೇ ಮಣ್ಣಿನಲ್ಲಿ ಮುಚ್ಚಿಹೋಗಿತ್ತು, ಒಂದು ಕೈ ಮಾತ್ರ ಕಾಣುತ್ತಿತ್ತು.

ಅವಳು ಮಗುವನ್ನು ಮುನಿಯಮ್ಮನ ಕೈಗೆ ಕೊಟ್ಟು ಬ್ಯಾಗಿನಿಂದ ಕ್ಯಾಮೆರಾ ತೆಗೆದಳು. ಎಡಗಡೆಯ ಗುಬುಟನ್ನು ಮೇಲಕ್ಕೆಳೆದರೆ ಹಿಂದಿನ ಬಾಗಿಲು ತೆರೆಯುತ್ತದೆ, ಚಿಕ್ಕಂದಿನಲ್ಲಿ ಅಪ್ಪನೇ ತೋರಿಸಿದ್ದ. ರೀಲಿದ್ದಾಗ ಮಾತ್ರ ಮುಟ್ಟಬಾರದು ಮಗಾ ಎಂದಿದ್ದ.

"ಕೂಸೇ, ಬೇಡ," ಎಂದ ಫಕ್ರುದ್ದೀನ್. "ಅಲ್ಲಾಣೆ, ಅದರಲ್ಲೇನೂ ಇಲ್ಲ. ಬರೀ ಬೆಳಕು."

ಅವಳು ಎಳೆದಳು. ಬಾಗಿಲು ಟಪ್ಪೆಂದು ತೆರೆಯಿತು. ಮಧ್ಯಾಹ್ನದ ಬಿಸಿಲಿಗೆ ರೀಲನ್ನು ಹಿಡಿಹಿಡಿಯಾಗಿ ಎಳೆದಳು, ಕೊನೆಯ ತುದಿ ಕಿತ್ತು ಬರುವವರೆಗೂ. ಏನೂ ಮೂಡಿರದ ಮಂಕು ಬಣ್ಣದ ಪಟ್ಟಿ. ಅದರಲ್ಲಿ ಏನೂ ಕಾಣುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಸೂರ್ಯನಿಗೆ ಎತ್ತಿ ಹಿಡಿದು ಹುಡುಕಿದಳು. ಆಮೇಲೆ ಸುರುಳಿ ಮಾಡಿ ಗುಂಡಿಯೊಳಗೆ, ಅಪ್ಪನ ಕೈಯ ಬಳಿ ಹಾಕಿದಳು. ಫಕ್ರುದ್ದೀನ್ ಬೆನ್ನು ತಿರುಗಿಸಿ ನಿಂತಿದ್ದ.

ಗುಂಡಿಯ ಸುತ್ತ ನಿಂತವರೆಲ್ಲ ಒಮ್ಮೆಗೇ ಉಸಿರು ಬಿಟ್ಟರು. ಯಾರೋ ಮೂಗೊರೆಸಿಕೊಂಡರು. ಬೆಳಗಿನಿಂದ ಎಡಕ್ಕೂ ಬಲಕ್ಕೂ ಸರಿದು ನಿಂತಿದ್ದ ಜನ ಹತ್ತಿರಕ್ಕೆ ಬಂದು, ಒಬ್ಬರನ್ನೊಬ್ಬರು ತಾಗಿಕೊಂಡು, ದಡದಡನೆ ಮಣ್ಣು ಎಳೆದರು.

ದೊಡ್ಡಲಕ್ಷ್ಮಮ್ಮ ಎದ್ದು ಮುನಿಯಮ್ಮನ ಕೈಯಿಂದ ಮೊಮ್ಮಗಳನ್ನು ತೆಗೆದುಕೊಂಡು ಹಣೆ ಮುಟ್ಟಿದಳು. ಅವಳ ಮುಖ ಅರಳಿತು.

"ನೋಡವ್ವ, ನೋಡಿಲ್ಲಿ. ಒಸಿ ತಣ್ಣಗಾಗೈತೆ."

ಮುನಿಯಮ್ಮನೂ ಮುಟ್ಟಿದಳು. "ಹೂಂ ಕಣಕ್ಕ. ಆಗ್ಲೇ ಇಳೀತಾ ಐತೆ."

ಸುಚಿತ್ರಾ ಅಂಗೈ ಇಟ್ಟು ನೋಡಿದಳು. ಅವಳಿಗೂ ಹಾಗೇ ಅನ್ನಿಸಿತು. ಕಣ್ಣಲ್ಲಿ ನೀರು ಬಂತು. ರಾತ್ರಿಯಿಂದ ಅಪ್ಪನಿಗಾಗಿ ಸರಿಯಾಗಿ ಅತ್ತೇ ಇರಲಿಲ್ಲ ಅವಳು, ಈಗ ಅತ್ತಳು.

ಡ್ರೈವರ್ ಬದುವಿನವರೆಗೆ ಇಳಿದು ಬಂದಿದ್ದ.

"ಮೇಡಂ, ಸಾರ್ ಎರಡು ಸಲ ಫೋನ್ ಮಾಡಿದ್ರು. ಹೊರಡೋಣ್ವಾ?"

"ಇನ್ನ ಆಸ್ಪತ್ರೆ ಯಾಕವ್ವ?" ಎಂದಳು ದೊಡ್ಡಲಕ್ಷ್ಮಮ್ಮ. "ಮನೇಗ್ ಹೋಗಿ ಸ್ನಾನ ಮಾಡಿ ದೀಪ ನೋಡುವ. ನಿಮ್ಮಪ್ಪನ ದೀಪ."

"ಹೋಗಿ ತೋರ್ಸು ಕೂಸೇ," ಎಂದ ಫಕ್ರುದ್ದೀನ್. ತಮಟೆ ಮತ್ತೆ ಶುರುವಾಗಿತ್ತು.

ಸುಚಿತ್ರಾ ಮಗುವನ್ನು ತಾಯಿಯ ಕೈಯಿಂದ ತೆಗೆದುಕೊಂಡು ಭುಜಕ್ಕೆ ಹಾಕಿಕೊಂಡಳು. ಡ್ರೈವರ್‌ಗೆ ಹೇಳಿದಳು:

"ಬೇಡಪ್ಪ. ಜ್ವರ ಇಳೀತಾ ಇದೆ. ನಾಳೆ ಬೆಳಿಗ್ಗೆ ನೋಡೋಣ, ಅವ್ರಿಗೆ ನಾನೇ ಹೇಳ್ತೀನಿ."

ಏರಿಯ ಮೇಲೆ ತಿರುಗಿಸಲು ಜಾಗವಿರಲಿಲ್ಲ. ಕಾರು ಮುಖ ಇತ್ತ ಮಾಡಿಕೊಂಡೇ ಹಿಂದು ಹಿಂದಕ್ಕೆ ಹೋಯಿತು, ತೂಬು ದಾಟಿತು, ಕೋಡಿಯ ತಿರುವಿನಲ್ಲಿ ಮರೆಯಾಯಿತು. ಸುಡುವ ಬಿಸಿಲಿನಲ್ಲಿ ಸಿರಿ ಹಲ್ಲು ಕಟಕಟಿಸುತ್ತಾ ನಡುಗತೊಡಗಿದಳು. ಸುಚಿತ್ರಾ ಸೆರಗನ್ನು ಎಳೆದು ಅವಳಿಗೆ ಇನ್ನೊಂದು ಸುತ್ತು ಹೊದಿಸಿ, ಬೆನ್ನು ತಟ್ಟುತ್ತಾ, ಮನೆಯ ಕಡೆ ನಡೆದಳು.